ಮೋಡಕ್ಕೆ ಹೆದರಿದ ಕೆಂಚಕ್ಕ

ನಮ್ಮ ಚಳ್ಳಕೆರೆ ಸೀಮೆಯಲ್ಲಿ ಮೋಡಕ್ಕೆ ಯಾರೂ ಹೆದರುವುದಿಲ್ಲ. ಪಡುವಣದಲ್ಲಿ ಒಂದು ಕಪ್ಪು ಗೆರೆ ಎದ್ದರೆ ಸಾಕು, ಹೋಟೆಲಿನ ಬೆಂಚಿನ ಮೇಲೆ ಕೂತವರು ಲೋಟ ಹಿಡಿದುಕೊಂಡೇ ಹೊರಗೆ ಬಂದು ನೋಡುತ್ತಾರೆ. ಗುಡುಗು ಕೇಳಿದರೆ ಮುದುಕರು ಕೈ ಮುಗಿಯುತ್ತಾರೆ. ಮೊದಲ ಹನಿಗೆ ನೆಲದಿಂದ ಏಳುವ ವಾಸನೆಯನ್ನು ಮೂಗಿನ ತುಂಬ ಎಳೆದುಕೊಂಡು, ಅಂದು ಒಲೆಯ ಮೇಲೆ ಏನೇ ಬೆಂದಿರಲಿ, ಹಬ್ಬದೂಟ ಉಂಡವರ ಹಾಗೆ ಮಲಗುವ ಜನ ನಾವು. ಇಂಥ ಸೀಮೆಯಲ್ಲಿ ದೊಡ್ಡಉಳ್ಳಾರ್ತಿಯ ಕೆಂಚಕ್ಕ ಮೋಡ ಕಂಡರೆ ಕಾಳಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ ಎಂದರೆ ನಕ್ಕವರೇ ಹೆಚ್ಚು. ನಾನೂ ಮೊದಲು ನಕ್ಕವನೇ.

ಕೆಂಚಕ್ಕನ ತವರು ಮೊಳಕಾಲ್ಮೂರು ತಾಲ್ಲೂಕಿನ ಬಿ.ಜಿ. ಕೆರೆ. ಮದುವೆಯಾಗಿ ದೊಡ್ಡಉಳ್ಳಾರ್ತಿಗೆ ಬಂದ ಹೊಸದರಲ್ಲಿ ಅವಳ ಮಾತಿನ ನಡುವೆ ತೆಲುಗು ನುಸುಳಿದಾಗಲೆಲ್ಲ ಅತ್ತೆ ನಗುತ್ತಿದ್ದಳಂತೆ. ಗಂಡ ಬೊಮ್ಮಲಿಂಗಪ್ಪ ಮಾತು ಕಡಿಮೆಯ ಮನುಷ್ಯ. ಏನಾದರೂ ಕೇಳಿದರೆ ಉತ್ತರ ಕೊಡುವ ಬದಲು ಎದ್ದು ಹೋಗಿ ಆ ಕೆಲಸ ಮಾಡಿಕೊಂಡೇ ಬರುವಂಥವನು. ಅವನೂ ಅವನ ತಮ್ಮ ಕಾಮಣ್ಣನೂ ಶೇಂಗಾ ಹೊಲ ನೋಡಿಕೊಂಡರೆ, ಕೆಂಚಕ್ಕ ಮತ್ತು ಕಾಮಣ್ಣನ ಹೆಂಡತಿ ಓಬಕ್ಕ ಕುರಿ ಕಾಯುತ್ತಿದ್ದರು. ಊರಿಗೆ ಹತ್ತಿಕೊಂಡೇ ಹುಲ್ಲುಗಾವಲು. ಅದನ್ನು ಜನ ಕಾವಲು ಎನ್ನುತ್ತಾರೆ. ಅದರ ಒಂದಷ್ಟು ಭಾಗಕ್ಕೆ ಈಗ ಉದ್ದನೆಯ ಗೋಡೆ ಬಂದಿದೆ, ಗೋಡೆಯಾಚೆ ಸಂಶೋಧನೆಯ ಕಟ್ಟಡಗಳು ಎದ್ದಿವೆ. ಉಳಿದ ಕಾವಲಿನಲ್ಲಿ ಓರಗಿತ್ತಿಯರಿಬ್ಬರೂ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ಹೊತ್ತು ಇಳಿದ ಮೇಲೆಯೇ ಮನೆ. ದನಿ ದೊಡ್ಡದು ಇಬ್ಬರದೂ. ಒಬ್ಬಳು ಈ ದಿಬ್ಬದ ಮೇಲೆ, ಇನ್ನೊಬ್ಬಳು ಆ ದಿಬ್ಬದ ಮೇಲೆ ನಿಂತು ಸಾರಿಗೆ ಏನು ಹಾಕುವುದೆಂದು ಕೂಗಿ ಮಾತಾಡಿಕೊಳ್ಳುತ್ತಿದ್ದರು.

ಎರಡು ಸಾವಿರದ ಇಪ್ಪತ್ತನಾಲ್ಕರ ಬೇಸಿಗೆ ಯಾರಿಗೂ ಮರೆಯುವಂಥದ್ದಲ್ಲ. ನಮ್ಮಲ್ಲಿ ಬಿಸಿಲೇನು ಹೊಸದಲ್ಲ, ಆದರೆ ಆ ವರ್ಷದ ಬಿಸಿಲು ಬೇರೆ ಜಾತಿಯದು. ಸಂಜೆಯಾದರೂ ಗೋಡೆ ಮುಟ್ಟಿದರೆ ಕೈ ಚುರ್ ಎನ್ನುತ್ತಿತ್ತು. ಕಾವಲಿನಲ್ಲಿ ಕುರಿಗಳು ಮೇಯುವುದನ್ನೇ ಬಿಟ್ಟು ಒಂದರ ಹೊಟ್ಟೆಯಡಿ ಇನ್ನೊಂದು ತಲೆ ತೂರಿಸಿ, ಬಾಯಿ ತೆರೆದು ಏದುಸಿರು ಬಿಡುತ್ತ ನಿಂತುಬಿಡುತ್ತಿದ್ದವು. ಬಯಲಿನ ನಡುವೆ ಇದ್ದ ಒಂದೇ ಒಂದು ದೊಡ್ಡ ಬೇವಿನ ಮರದ ನೆರಳಿಗಾಗಿ ಕುರಿಯವರು ಸರದಿ ಮಾಡಿಕೊಂಡಿದ್ದರು.

ಮೇ ತಿಂಗಳ ನಡುವಿನ ಕೃತ್ತಿಕೆ ಮಳೆಯ ಹೊತ್ತಿಗೆ ಒಂದು ಮಧ್ಯಾಹ್ನ ಮೋಡ ಎದ್ದಿತು. ನಿಧಾನಕ್ಕೆ ಬರಲಿಲ್ಲ, ಯಾರೋ ಕರಿ ಕಂಬಳಿಯನ್ನು ಕೊಡವಿ ಎಸೆದಂತೆ ಬಂತು. ಗಾಳಿಗೆ ಹುಲ್ಲೆಲ್ಲ ಒಂದೇ ಕಡೆಗೆ ಮಲಗಿತು. ಓಬಕ್ಕ ಸೆರಗು ಹಾರಲು ಬಿಟ್ಟು, ಮುಖ ಮೇಲೆತ್ತಿ ನಗುತ್ತ ನಿಂತಿದ್ದಳು.

"ಬಂತು ಕಣಕ್ಕಾ! ಕೊನಿಗೂ ಬಂತು! ಬಾ, ಮರದತ್ರ ಬಾ!"

ಕೆಂಚಕ್ಕನಿಗೆ ಹೋಗಲಾಗಲಿಲ್ಲ. ಒಂದು ಕುರಿ ಹಿಂದಿನ ತಗ್ಗಿನಲ್ಲಿ ಆಗತಾನೇ ಮರಿ ಹಾಕಿತ್ತು, ಎಬ್ಬಿಸಿದರೆ ಏಳುತ್ತಿರಲಿಲ್ಲ. ಆಲಿಕಲ್ಲು ಬೀಳಲು ಶುರುವಾಯಿತು. ಮರಿಯನ್ನು ಮಡಿಲಿಗೆ ಎಳೆದುಕೊಂಡು ಅವಳು ತಗ್ಗಿನಲ್ಲೇ ಕುಕ್ಕರಿಸಿದಳು. ಓಬಕ್ಕ ಕುರಿಗಳನ್ನೆಲ್ಲ ಬೇವಿನ ಮರದ ಕೆಳಗೆ ಸೇರಿಸಿ, ಬೊಡ್ಡೆಗೆ ಒರಗಿ, ಕಂಬಳಿ ತಲೆಗೆ ಎಳೆದುಕೊಂಡು ಕೈ ಬೀಸಿ ಕರೆಯುತ್ತಿದ್ದದ್ದನ್ನು ಅವಳು ಕಂಡಳು.

ಆಮೇಲೆ ಬೆಳಕು. ಸದ್ದು ಕೇಳಿದ ನೆನಪು ಅವಳಿಗಿಲ್ಲ.

ಎದ್ದು ನಿಂತಾಗ ಮರ ಹಾಗೇ ಇತ್ತು. ಒಂದು ಕಡೆ ಮಾತ್ರ ತೊಗಟೆ ಸುಲಿದು ಬಿಳಿಯ ಪಟ್ಟಿ ಕಾಣುತ್ತಿತ್ತು. ಅದರ ಸುತ್ತ ಕುರಿಗಳು ಮಲಗಿದ್ದವು, ಎಲ್ಲವೂ. ಓಬಕ್ಕ ಬೊಡ್ಡೆಗೆ ಒರಗಿಯೇ ಕೂತಿದ್ದಳು. ಕೆಂಚಕ್ಕ ಹತ್ತಿರ ಹೋಗಿ, "ಏಳೇ, ಏಳೇ," ಎಂದು ಭುಜ ಹಿಡಿದು ಅಲುಗಿಸಿದಳು. ಹಸಿ ಮಣ್ಣಿನ ಘಮಲೂ ಸುಟ್ಟ ಉಣ್ಣೆಯ ವಾಸನೆಯೂ ಒಂದರೊಳಗೊಂದು ಬೆರೆತು ಅವಳ ಗಂಟಲಿಗೆ ಇಳಿಯಿತು. ಮಳೆ ಬಂತೆಂದು ಊರಿನಲ್ಲಿ ಹುಡುಗರು ಕೂಗುವುದು ಗಾಳಿಯಲ್ಲಿ ಕೇಳಿಸುತ್ತಿತ್ತು.

ಕಾಮಣ್ಣ ಕೊಡಲಿ ತೆಗೆದುಕೊಂಡು ಮರ ಕಡಿಯಲು ಹೋದ. ಕುರಿಯವರು ತಡೆದರು. "ಬ್ಯಾಸಿಗೆಗೆ ಇನ್ಯಾವ ನೆಳ್ಳು ಐತಲೇ ನಮಗೆ?" ಎಂದು ಅವನನ್ನು ಹಿಡಿದು ಕೂರಿಸಿದರು. ಅವನು ಅತ್ತಿಗೆಯೊಡನೆ ಮಾತು ಬಿಡಲಿಲ್ಲ. ಆದರೆ ಆ ದಿನದಿಂದ ಮುಖ ನೋಡಿ ಮಾತಾಡುವುದನ್ನು ಬಿಟ್ಟ. ಅವಳು ಉಳಿದಳು, ತನ್ನವಳು ಉಳಿಯಲಿಲ್ಲ ಎಂಬುದು ಅವನ ಬಾಯಿಂದ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ.

ಕೆಂಚಕ್ಕನ ಹೆದರಿಕೆ ಅಲ್ಲಿಂದ ಶುರು. ಮೊದಲು ಗುಡುಗಿಗೆ, ಆಮೇಲೆ ಮೋಡಕ್ಕೆ, ಆಮೇಲೆ ಗಾಳಿಗೆ. ಕೊನೆಗೆ ಬಿಸಿಲು ಹೆಚ್ಚಾದರೂ ಹೆದರುವಂತಾದಳು. ಇಷ್ಟು ಬಿಸಿಲು ಬಿದ್ದರೆ ಸಂಜೆಗೆ ಮೋಡ ಕಟ್ಟೇ ಕಟ್ಟುತ್ತದೆ ಎಂದು ಬೆಳಿಗ್ಗೆಯಿಂದಲೇ ಅಂಗಳಕ್ಕೆ ಬಂದು ಬಂದು ಪಡುವಣ ನೋಡುತ್ತಿದ್ದಳು. ನೆಲ ಹಸಿಯಾದ ವಾಸನೆ ಬಂದರೆ ಓಡಿ ಹೋಗಿ ವಾಂತಿ ಮಾಡಿಕೊಳ್ಳುತ್ತಿದ್ದಳು. ಮಿಂಚು ಹೊಳೆದರೆ ಕಾಳಿನ ಕೋಣೆಯ ಚೀಲಗಳ ಸಂದಿಯಲ್ಲಿ ಮುದುಡಿ ಕೂತು, ಕಿವಿಗೆ ಸೆರಗು ತುರುಕಿಕೊಂಡು, ಮಳೆ ನಿಂತ ಎಷ್ಟೋ ಹೊತ್ತಿನ ಮೇಲೂ ಹೊರಗೆ ಬರುತ್ತಿರಲಿಲ್ಲ. ಬೊಮ್ಮಲಿಂಗಪ್ಪ ಬಾಗಿಲ ಹೊರಗೆ ಸುಮ್ಮನೆ ಕೂತಿರುತ್ತಿದ್ದ.

ನಾಯಕನಹಟ್ಟಿಯ ಗುಡಿಗೆ ಕರೆದುಕೊಂಡು ಹೋಗಿ ದಾರ ಕಟ್ಟಿಸಿದರು. ಚಳ್ಳಕೆರೆಯ ಆಸ್ಪತ್ರೆಯಲ್ಲಿ ಡಾಕ್ಟರು ನಿದ್ದೆಗೆ ಮಾತ್ರೆ ಕೊಟ್ಟರು, ಒಳ್ಳೆಯ ಮಾತನ್ನೂ ಆಡಿದರು. ನಿದ್ದೆ ಬಂತು. ಹೆದರಿಕೆ ಹಗಲಿನದಾದ್ದರಿಂದ ಅದು ಹಾಗೇ ಉಳಿಯಿತು.

ಮಗಳು ರಶ್ಮಿತಾ ಚಳ್ಳಕೆರೆಯ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಳು, ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಅವ್ವನಿಗೆ ಗಾಳಿ ಸೋಕಿದೆ, ಓಬಕ್ಕ ಮೆಟ್ಟಿಕೊಂಡಿದ್ದಾಳೆ ಎಂದು ಹೆಂಗಸರು ಆಡಿಕೊಳ್ಳುವುದನ್ನು ಕೇಳಲಾರದೆ ಅವಳು ಒಂದು ದಿನ ತಾಯಿಯನ್ನು ಕೂರಿಸಿಕೊಂಡು ತನಗೆ ಗೊತ್ತಿದ್ದದ್ದನ್ನು ಹೇಳಿದಳು.

"ಯಾವ ದೆವ್ವನೂ ಅಲ್ಲ ಅವ್ವಾ. ಭೂಮಿ ಬಿಸಿ ಆಗ್ತಾ ಐತೆ. ಗಾಳಿ ಬಿಸಿ ಆದಷ್ಟೂ ಜಾಸ್ತಿ ನೀರು ಹಿಡ್ಕಂತೈತೆ. ಹಿಡ್ಕಂಡಿದ್ದೆಲ್ಲ ಒಂದೇ ಸಲ ಸುರೀತೈತೆ. ಅದ್ಕೇ ಮಳೆ ಇಲ್ಲ ಅಂದ್ರೆ ತಿಂಗಳುಗಟ್ಲೆ ಇಲ್ಲ, ಬಂದ್ರೆ ಹಿಂಗೆ ಮೈಮೇಲೆ ಬೀಳ್ತೈತೆ. ಸಿಡ್ಲೂ ಜಾಸ್ತಿ ಆಗಬೌದು ಅಂತಾರೆ."

"ಜಾಸ್ತಿ ಆಗ್ತೈತಾ?" ಎಂದಳು ಕೆಂಚಕ್ಕ.

ಮಗಳು ನಾಲಿಗೆ ಕಚ್ಚಿಕೊಂಡಳು. ಸಮಾಧಾನ ಮಾಡಲು ಹೋಗಿ ಬೆಂಕಿಗೆ ಸೀಮೆಎಣ್ಣೆ ಸುರಿದ ಹಾಗಾಯಿತು. ಅಲ್ಲಿಯವರೆಗೆ ಕೆಂಚಕ್ಕ ಹೆದರಿದ್ದು ಆಗಿಹೋದ ಒಂದು ದಿನಕ್ಕೆ. ಈಗ ಮುಂದೆ ಬರುವ ದಿನಗಳೆಲ್ಲ ಅದರ ಬೆನ್ನಿಗೆ ನಿಂತವು.

ಬೊಮ್ಮಲಿಂಗಪ್ಪ ಚಳ್ಳಕೆರೆಯ ಕಂಬಳಿ ಸಂತೆಗೆ ಹೋದಾಗ ಒಂದು ಸುದ್ದಿ ಹಿಡಿದುಕೊಂಡು ಬಂದ. ಬಿ.ಜಿ. ಕೆರೆಯಲ್ಲಿ ಹೊನ್ನೂರಸ್ವಾಮಿ ಎಂಬವನು ಸಿಡಿಲು ಬಡಿದೂ ಬದುಕಿದ್ದಾನೆ, ಮಂಡಕ್ಕಿ ಮೆಣಸಿನಕಾಯಿ ಅಂಗಡಿ ಇಟ್ಟುಕೊಂಡು ಆರಾಮಾಗಿದ್ದಾನೆ ಎಂದು. ಕೆಂಚಕ್ಕ ತವರು ಬಿಟ್ಟು ಬಂದ ಮೇಲೆ ಆ ಊರಿಗೆ ಬಂದು ನೆಲೆಸಿದವನಂತೆ. "ಹೋಗಾನ," ಎಂದ ಬೊಮ್ಮಲಿಂಗಪ್ಪ. ಅಷ್ಟೇ ಅವನ ಮಾತು. ಮಾರನೆಯ ದಿನ ಆಕಾಶ ತಿಳಿಯಾಗಿದ್ದುದನ್ನು ಬಾಗಿಲಲ್ಲಿ ನಿಂತು ಮತ್ತೆ ಮತ್ತೆ ನೋಡಿ ಕೆಂಚಕ್ಕ ಹೊರಟಳು. ಬಳ್ಳಾರಿ ರಸ್ತೆಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿಟಕಿಯಿಂದ ಮೇಲಕ್ಕೇ ನೋಡುತ್ತ ಕೂತಿದ್ದಳು. ಒಂದು ಬಿಳಿ ಮೋಡ ಕಂಡಾಗ ಗಂಡನ ತೋಳನ್ನು ಉಗುರು ಮೂಡುವ ಹಾಗೆ ಹಿಡಿದಿದ್ದಳು.

ಹೊನ್ನೂರಸ್ವಾಮಿ ಅರವತ್ತು ದಾಟಿದ ಆಳು. ಒಂದು ಕಿವಿ ಕೇಳುತ್ತಿರಲಿಲ್ಲ, ಎಡಗೈ ಬೆರಳುಗಳು ಮಡಿಸಲು ಬರುತ್ತಿರಲಿಲ್ಲ. ಬಾಣಲೆಯಲ್ಲಿ ಮೆಣಸಿನಕಾಯಿ ಬಿಡುತ್ತಲೇ, "ರಾ ತಲ್ಲಿ, ರಾ, ಕುಂತ್ಕೋ," ಎಂದು ಕರೆದ. ಕೆಂಚಕ್ಕನಿಗೆ ತವರಿನ ಮಾತು ಕೇಳಿ ಕಣ್ಣು ತುಂಬಿತು. ಎಲ್ಲವನ್ನೂ ಹೇಳಿಕೊಂಡಳು. ಅವನು ಕೇಳುವ ಕಿವಿಯನ್ನು ಅವಳ ಕಡೆ ಮಾಡಿಕೊಂಡು ಕೂತು ಕೇಳಿದ.

"ನಿಮಗೆ ಹೆದ್ರಿಕೆ ಹೆಂಗೆ ಹೋಯ್ತು, ಹೇಳ್ರಿ," ಎಂದಳು.

"ಹೋಗಿಲ್ಲಲ್ಲಮ್ಮ!" ಎಂದ ಹೊನ್ನೂರಸ್ವಾಮಿ. "ಮೊದಲ ವರ್ಷ ಬಾಣಲೆ ಒಳಗೆ ಎಣ್ಣೆ ಚಟಪಟ ಅಂದ್ರೆ ನಾನು ಅಂಗಡಿ ಬಿಟ್ಟು ಓಡ್ತಿದ್ದೆ. ನಮ್ಮೋಳು ಬಜ್ಜಿ ಸೀದು ಹೋದ್ವು ಅಂತ ಬೈತಿದ್ಲು. ಈಗ ಓಡಲ್ಲ. ಆದ್ರೆ ಹೆದ್ರಿಕೆ ಐತೆ. ಎಲ್ಲಿಗೆ ಹೋಗ್ತೈತೆ ಅದು?"

ಕೆಂಚಕ್ಕನ ಮುಖ ಬಿದ್ದುಹೋಯಿತು. ಇಷ್ಟು ದೂರ ಬಂದದ್ದು ಮದ್ದಿಗೆ. ಮದ್ದು ಇವನ ಹತ್ತಿರವೂ ಇರಲಿಲ್ಲ. ಅವಳು ಅಂಗಡಿಯಲ್ಲೇ, ಜನರ ನಡುವೆಯೇ ಬಿಕ್ಕಿ ಬಿಕ್ಕಿ ಅತ್ತಳು. ಬೊಮ್ಮಲಿಂಗಪ್ಪ ಮಂಡಕ್ಕಿ ಪೊಟ್ಟಣವನ್ನು ಹಿಡಿದುಕೊಂಡು ಎತ್ತಲೋ ನೋಡುತ್ತಿದ್ದ.

"ಅಳಬೇಡಮ್ಮ. ನಾನೊಂದು ಮಾಡ್ತೀನಿ, ಹೇಳ್ತೀನಿ ಕೇಳು," ಎಂದ ಹೊನ್ನೂರಸ್ವಾಮಿ. "ಗುಡುಗು ಕೇಳಿದ ತಕ್ಷಣ ರಸ್ತೆ ಮೇಲೆ ಹೋಗೋರ್ನೆಲ್ಲ ಒಳಗೆ ಕರೀತೀನಿ. ಬೈಕಿನೋರು, ಎಮ್ಮೆ ಹೊಡ್ಕೊಂಡು ಹೋಗೋರು, ಯಾರಾದ್ರೂ ಸರಿ. ಬೈದು ಕರೀತೀನಿ. ಅಂಗಡಿ ತುಂಬ ಜನ ಆಗ್ತಾರೆ. ಅವ್ರು ಮಾತಾಡ್ತಾರೆ, ನಾನು ಬಜ್ಜಿ ಹಾಕ್ತೀನಿ. ನಡುಕ ಇರ್ತೈತೆ, ಆದ್ರೆ ನಡುಗ್ತಾನೇ ಕೆಲಸ ಆಗ್ತೈತೆ. ನಿನಗೆ ಸುಳ್ಳು ಯಾಕೆ ಹೇಳ್ಲಿ, ಅವರನ್ನ ಕರೆಯೋದು ಅವರಿಗೋಸ್ಕರ ಅಲ್ಲ. ನನಗೆ ಒಬ್ಬನೇ ಕೂರಕ್ಕೆ ಆಗಲ್ಲ, ಅದ್ಕೆ."

ವಾಪಸು ಬರುವಾಗಲೂ ಕೆಂಚಕ್ಕ ಕಿಟಕಿಯಿಂದ ಆಕಾಶವನ್ನೇ ನೋಡುತ್ತಿದ್ದಳು. ಅವಳಿಗೆ ಸಮಾಧಾನವೇನೂ ಆಗಿರಲಿಲ್ಲ. ಮುಂದಿನ ಮಳೆಗೂ ಅವಳು ಕಾಳಿನ ಕೋಣೆಗೇ ಹೋದಳು.

ಆ ವರ್ಷ ಶೇಂಗಾ ಕೀಳುವ ಹೊತ್ತಿಗೆ, ದಸರಾ ಕಳೆದ ಮೇಲೂ ಮಳೆ ಬಿಡಲಿಲ್ಲ. ಬೀಳಬೇಕಾದ ಕಾಲಕ್ಕೆ ಬೀಳದ ಮಳೆ ಕೊಯ್ಲಿನ ಮೇಲೆ ಸುರಿಯುತ್ತಿತ್ತು. ಎರಡು ದಿನ ಬಿಸಿಲು ಕಂಡದ್ದೇ ತಡ, ಬೊಮ್ಮಲಿಂಗಪ್ಪ ಪಕ್ಕದೂರಿನಿಂದ ಕೂಲಿ ಹೆಂಗಸರನ್ನು ಕರೆಸಿದ. ಓಬಳೇಶ ಎಂಬವನ ಟ್ರಾಕ್ಸ್ ಗಾಡಿಯಲ್ಲಿ ಅವರು ಬಂದಿಳಿದರು, ಸಂಜೆ ವಾಪಸು ಕರೆದೊಯ್ಯಲು ಗಾಡಿ ಹೊಲದ ಪಕ್ಕದಲ್ಲೇ ನಿಂತಿತ್ತು. ಕಾಲೇಜಿಗೆ ರಜೆಯಿದ್ದುದರಿಂದ ರಶ್ಮಿತಾ ಕೂಡ ಹೊಲಕ್ಕೆ ಹೋದಳು. ಮಧ್ಯಾಹ್ನ ಬೊಮ್ಮಲಿಂಗಪ್ಪ ತಾಡಪಾಲು ತರಲು ಚಳ್ಳಕೆರೆಗೆ ಹೋದ ಹೊತ್ತಿನಲ್ಲೇ ಮೋಡ ಎದ್ದಿತು.

ಕೆಂಚಕ್ಕ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಬೆಳಕು ಕಂದಿದ್ದು ಮೊರದೊಳಗಿನ ಕಾಳಿನ ಮೇಲೆಯೇ ಅವಳಿಗೆ ಗೊತ್ತಾಯಿತು. ತಲೆ ಎತ್ತಲಿಲ್ಲ. ಮೊರ ಬಿಟ್ಟು ಎದ್ದವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಚೀಲಗಳ ಸಂದಿಯಲ್ಲಿ ಕೂತ ಮೇಲೆ, ಮಗಳು ಹೊಲದಲ್ಲಿದ್ದಾಳೆ ಎಂಬುದು ನೆನಪಾಯಿತು. ಹೊಲದ ಬದುವಿನಲ್ಲಿ ಒಂದು ಹುಣಸೆಮರವಿದೆ ಎಂಬುದೂ.

ಫೋನು ಹಚ್ಚಿದಳು. ಹೋಗಲಿಲ್ಲ. ಮತ್ತೆ ಹಚ್ಚಿದಳು. ದೂರದಲ್ಲಿ ಗುಡುಗು ಹೊರಳಿತು. ಅವಳ ಕೈಯಿಂದ ಫೋನು ಜಾರಿ ಚೀಲಗಳ ನಡುವೆ ಬಿತ್ತು, ತಡಕಿದರೂ ಸಿಗಲಿಲ್ಲ.

ಆ ಬಾಗಿಲು ತೆರೆದದ್ದು ಹೇಗೆಂದು ಅವಳಿಗೆ ಈಗಲೂ ಹೇಳಲು ಬರುವುದಿಲ್ಲ. "ಧೈರ್ಯ ಬಂತಾ ಆವಾಗ?" ಎಂದು ನಾನು ಕೇಳಿದ್ದೆ. "ಎಲ್ಲೀ ಧೈರ್ಯ! ಉಚ್ಚೆ ಹೋಗಿದ್ದೆ ಸೀರೇಲಿ," ಎಂದಳು. ಚಪ್ಪಲಿ ಮೆಟ್ಟದೆ ಓಡಿದಳು. ಊರು ದಾಟಿದ ಮೇಲೆ ಬಟಾಬಯಲು. ಅಲ್ಲಿ ಎದ್ದು ನಿಂತ ವಸ್ತುವೆಂದರೆ ತಾನೊಬ್ಬಳೇ ಎಂದು ಅವಳಿಗೆ ಅನ್ನಿಸಿತು. ಪ್ರತಿ ಮಿಂಚಿಗೂ ಕಾಲು ಮಡಚಿ ನೆಲಕ್ಕೆ ಕುಸಿದಳು, ಮತ್ತೆ ಎದ್ದಳು. ಹಸಿ ಮಣ್ಣಿನ ವಾಸನೆ ಮೂಗಿಗೆ ಅಡರಿದಾಗ ದಾರಿಯಲ್ಲೇ ಬಗ್ಗಿ ವಾಂತಿ ಮಾಡಿಕೊಂಡು ಬಾಯಿ ಒರೆಸಿಕೊಳ್ಳದೆ ಓಡಿದಳು.

ಅಂದುಕೊಂಡಂತೆಯೇ ಎಲ್ಲರೂ ಹುಣಸೆಮರದ ಕೆಳಗಿದ್ದರು. ತಲೆಗೆ ಚೀಲ ಹೊದ್ದು, ಒತ್ತೊತ್ತಾಗಿ ನಿಂತು ನಗುತ್ತಿದ್ದರು. ಮಗಳು ಬೊಡ್ಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಎಷ್ಟು ಓದಿದ್ದರೂ, ಮಳೆ ಬಂದಾಗ ಹತ್ತು ಜನ ಎಲ್ಲಿ ಓಡಿದರೋ ಅವಳೂ ಅಲ್ಲಿಗೇ ಓಡಿದ್ದಳು.

ಕೆಂಚಕ್ಕ ಕೂಗಬೇಕೆಂದುಕೊಂಡಳು. ಎರಡು ದಿಬ್ಬದಾಚೆಗೆ ಕೇಳಿಸುತ್ತಿದ್ದ ಆ ದನಿ ಗಂಟಲಲ್ಲೇ ಸತ್ತುಹೋಗಿತ್ತು. ಮಗಳ ಜಡೆ ಹಿಡಿದು ಎಳೆದಳು. ಒಬ್ಬಳ ಸೆರಗು, ಇನ್ನೊಬ್ಬಳ ರಟ್ಟೆ, ಸಿಕ್ಕಿದ್ದನ್ನು ಹಿಡಿದು ಜಗ್ಗಿದಳು. ಕೊನೆಗೆ ಸೀಳಿದಂತೆ ದನಿ ಹೊರಬಂತು.

"ಗಾಡಿ! ಗಾಡಿ ಒಳಗೆ! ಮರ ಬಿಡ್ರೇ, ನಿಮ್ಮ ಕಾಲು ಹಿಡೀತೀನಿ, ಮರ ಬಿಡ್ರೇ!"

"ಅಯ್ಯೋ ಇವಳಿಗೇನಾಯ್ತು," ಎಂದರು ಹೆಂಗಸರು. ಆದರೆ ಅವಳ ಮುಖ ನೋಡಿ ಯಾರಿಗೂ ನಿಲ್ಲಲಾಗಲಿಲ್ಲ. ರಶ್ಮಿತಾಗೆ ಆಗ ಬುದ್ಧಿ ತಿಳಿಯಿತು. ಅವಳೂ ಕೂಗಿ ಎಲ್ಲರನ್ನೂ ಟ್ರಾಕ್ಸ್ ಒಳಗೆ ತುಂಬಿದಳು. ಒಬ್ಬರ ತೊಡೆಯ ಮೇಲೆ ಒಬ್ಬರು. ಓಬಳೇಶ ಗಾಜು ಏರಿಸಿ, "ಕಬ್ಬಿಣ ಮುಟ್ಟಬ್ಯಾಡ್ರಿ, ಕೈ ಮಡಿಲಾಗೆ ಇಟ್ಕಳ್ರಿ," ಎಂದ. ಒಳಗೆ ಬೆವರು, ಮಣ್ಣು, ಉಸಿರು. ಹೊರಗೆ ಮಿಂಚು ಎಡಕ್ಕೂ ಬಲಕ್ಕೂ ನೆಲಕ್ಕಿಳಿಯುತ್ತಿತ್ತು. ಒಂದು ಸಲ ಗಾಡಿಯೇ ಅದುರಿತು. ನಗುತ್ತಿದ್ದವರೆಲ್ಲ ನಗು ನಿಲ್ಲಿಸಿದರು. ಕೆಂಚಕ್ಕ ಮಗಳ ತಲೆಯನ್ನು ಎದೆಗೆ ಅವುಚಿಕೊಂಡು ಜ್ವರ ಬಂದವಳ ಹಾಗೆ ಗಡಗಡ ನಡುಗುತ್ತಿದ್ದಳು. ಪಕ್ಕದಲ್ಲಿ ಕೂತ ಗುರುತಿಲ್ಲದ ಮುದುಕಿಯೊಬ್ಬಳು ಅವಳ ಬೆನ್ನು ಸವರುತ್ತ, "ಆಯ್ತು ಕಣವ್ವಾ, ಆಯ್ತು," ಎನ್ನುತ್ತಿದ್ದಳು.

ಮಳೆ ನಿಂತಿತು. ಗುಡುಗು ಮೂಡಲಕ್ಕೆ ಸರಿದ ಎಷ್ಟೋ ಹೊತ್ತಿನ ಮೇಲೆ ಎಲ್ಲರೂ ಇಳಿದರು. ಹುಣಸೆಮರ ಇದ್ದ ಹಾಗೇ ಇತ್ತು. ಒಂದು ಎಲೆಯೂ ಸುಟ್ಟಿರಲಿಲ್ಲ.

"ನೋಡಕ್ಕಾ, ನಿನ್ನ ಮರಕ್ಕೆ ಏನೂ ಆಗಿಲ್ಲ," ಎಂದು ಒಬ್ಬಳು ನಕ್ಕಳು. ಎಲ್ಲರೂ ನಕ್ಕರು. ಕೆಂಚಕ್ಕನಿಗೆ ನಾಚಿಕೆಯಾಯಿತು. ಏನೂ ಆಗಲಿಲ್ಲ. ಹೆಂಗಸರು ತಲೆ ಕೊಡವಿಕೊಂಡು, ಹಸಿ ಶೇಂಗಾ ಸುಲಿದು ಬಾಯಿಗೆ ಹಾಕಿಕೊಳ್ಳುತ್ತ ಮನೆ ಮಾತು ಆಡುತ್ತಿದ್ದರು. ಒಬ್ಬೊಬ್ಬರನ್ನೇ ನೋಡುತ್ತ ಅವಳು ಬದುವಿನ ಮೇಲೆ ಕೂತುಬಿಟ್ಟಳು. ಓಬಕ್ಕ ಸತ್ತ ಮೇಲೆ ಒಂದು ಮಳೆಯನ್ನು ಅವಳು ಹೊರಗಿದ್ದು ಕಳೆದದ್ದು ಅದೇ ಮೊದಲು.

ಮನೆಗೆ ನಡೆಯುವಾಗ ರಶ್ಮಿತಾ ದಾರಿಯಲ್ಲಿ ನಿಂತು ಅಳಲು ಶುರು ಮಾಡಿದಳು. ಹುಣಸೆಮರದ ಹೆದರಿಕೆ ಎಂದುಕೊಂಡು ಕೆಂಚಕ್ಕ ಸಮಾಧಾನ ಹೇಳಿದಳು. ಅದಲ್ಲ ಎಂದು ಮಗಳು ತಲೆಯಾಡಿಸಿದಳು.

"ಅವ್ವಾ, ನೀನು ಮೋಡಕ್ಕೆ ಹೆದ್ರಿಕಂತೀಯ. ನನಗೆ ಎಲ್ಲಕ್ಕೂ ಹೆದ್ರಿಕೆ. ದಿನಾ ಫೋನಲ್ಲಿ ನೋಡ್ತೀನಿ, ಎಲ್ಲೋ ಊರು ಮುಳುಗೈತೆ, ಎಲ್ಲೋ ಕಾಡು ಹತ್ಕಂಡೈತೆ. ನೋಡಬಾರದು ಅಂತೀನಿ, ಮತ್ತೆ ನೋಡ್ತೀನಿ. ನನಗೆ ಐವತ್ತು ವರ್ಷ ಆಗೋ ಹೊತ್ತಿಗೆ ಇಲ್ಲಿ ಯಾರು ಇರ್ತಾರೆ? ನೀವು ಮದುವೆ ಮಾತು ತೆಗೀತೀರ. ನನಗೆ ಮಕ್ಕಳು ಬ್ಯಾಡ ಅವ್ವಾ. ಈ ಬಿಸಿಲಿಗೆ ಯಾರನ್ನ ಹಡೀಲಿ?"

ಕೆಂಚಕ್ಕ ದಂಗಾಗಿ ನಿಂತಳು. ಇಷ್ಟು ದಿನ ತನ್ನ ಬೆನ್ನು ಸವರಿ, ಮಾತ್ರೆ ನುಂಗಿಸಿ, ಬಸ್ಸಿಗೆ ಓಡುತ್ತಿದ್ದ ಹುಡುಗಿ ಇವಳೇ ಏನು? ತನ್ನದಕ್ಕಿಂತ ದೊಡ್ಡ ಭಯವನ್ನು ಒಬ್ಬಳೇ ಹೊತ್ತುಕೊಂಡು ತಿರುಗಿದಳಲ್ಲ ಎಂದು ಕರುಳು ಹಿಂಡಿತು. ಸ್ವಲ್ಪ ದೂರ ನಡೆದ ಮೇಲೆ ಕೇಳಿದಳು:

"ಎಷ್ಟು ಬಿಸಿ ಆಗ್ತೈತೆ ಅಂತ ಗೊತ್ತಾಗಿಬಿಟ್ಟೈತಾ?"

"ಗೊತ್ತಾಗಿಲ್ಲ. ಮುಂದೆ ಜನ ಎಷ್ಟು ಕಲ್ಲಿದ್ದಲು, ಎಷ್ಟು ಡೀಸೆಲ್ ಸುಡ್ತಾರೋ ಅದರ ಮೇಲೆ ಐತೆ. ಜಾಸ್ತಿ ಸುಟ್ರೆ ಜಾಸ್ತಿ. ಕಡಿಮೆ ಮಾಡಿದ್ರೆ ಕಡಿಮೆ. ಈಗ ಗಾಳಿಯಿಂದ, ಬಿಸಿಲಿಂದ ಕರೆಂಟು ತೆಗಿಯೋದು ಹೆಚ್ಚಾಗೈತೆ. ಸಾಕಾಗಲ್ಲ ಅಂತಾರೆ."

"ಹಂಗಾರೆ ಇನ್ನೂ ತೀರ್ಮಾನ ಆಗಿಲ್ಲ ಅನ್ನು."

ರಶ್ಮಿತಾ ಮೂಗು ಒರೆಸಿಕೊಂಡಳು. "ಆಗಿಲ್ಲ."

"ನಿಮ್ಮ ಚಿಕ್ಕವ್ವ ಸತ್ತದ್ದು ತೀರ್ಮಾನ ಆಗಿಹೋಗೈತೆ ಕಣೆ. ಅದನ್ನ ನಾನು ಏನೂ ಮಾಡಕ್ಕಾಗಲ್ಲ. ದಿನಾ ಆ ಕೋಣೆಯಾಗೆ ಕುಂತು ಅದನ್ನೇ ತಿರುಗಾ ಮುರುಗಾ ಮಾಡ್ತೀನಿ. ತೀರ್ಮಾನ ಆಗದೇ ಇರೋದ್ರಾಗೆ ಏನಾರ ಮಾಡಬೌದಲ್ಲ? ಸಣ್ಣದಾದ್ರೂ?"

ಮದುವೆಯ ಮಾತನ್ನು ಅವಳು ಎತ್ತಲಿಲ್ಲ. ಕೆಸರಿನಲ್ಲಿ ಇಬ್ಬರೂ ಕೈ ಹಿಡಿದುಕೊಂಡು ಮನೆಗೆ ಬಂದರು.

ಸಣ್ಣದು ಏನೆಂದು ಹೊಳೆದದ್ದು ಕೆಲವು ದಿನಗಳ ಮೇಲೆ. ಸಿಡಿಲು ಬರುವ ಮೊದಲೇ ಮುನ್ಸೂಚನೆ ಕೊಡುವ ಆ್ಯಪ್ ಒಂದಿದೆ ಎಂದು ರಶ್ಮಿತಾ ಹೇಳಿದಳು. ಆದರೆ ಕಾವಲಿನಲ್ಲಿರುವ ಕುರಿಯವರ ಕೈಯಲ್ಲಿ ಅಂಥ ಫೋನಿಲ್ಲ, ಇದ್ದರೂ ಸಿಗ್ನಲ್ ಇಲ್ಲ. ಊರ ಗುಡಿಯ ಮೇಲಿನ ಮೈಕು ಮಾತ್ರ ಅಲ್ಲಿಗೆ ಕೇಳಿಸುತ್ತಿತ್ತು. ತಾಯಿ ಮಗಳು ಗುಡಿಯ ಉಸ್ತುವಾರಿಯ ಮೂಡಲಗಿರಿಯಪ್ಪನ ಹತ್ತಿರ ಹೋದರು. ಮೋಡ ಕಂಡರೆ ಮೈಕಿನಲ್ಲಿ ಕೂಗಿ ಹೇಳಬೇಕು ಎಂಬುದು ಅವನಿಗೆ ಸರಿಬರಲಿಲ್ಲ.

"ಮಳೆ ಬರ್ಲಿ ಅಂತ ಪೂಜೆ ಮಾಡೋ ಮೈಕು ಇದು, ಕೆಂಚಕ್ಕ. ಮಳೆ ಬತ್ತೈತೆ ಓಡ್ರೋ ಅಂತ ಕೂಗ್ತೀಯಾ? ನಿನ್ನ ಹೆದ್ರಿಕೆನ ಊರಿಗೆಲ್ಲ ಹಂಚ್ತೀಯಾ?"

"ಹೂಂ ಕಣ್ರಿ, ಹಂಚ್ತೀನಿ," ಎಂದಳು ಕೆಂಚಕ್ಕ. "ನನಗೊಬ್ಳಿಗೇ ಜಾಸ್ತಿ ಆಗೈತೆ."

ಮೂಡಲಗಿರಿಯಪ್ಪನಿಗೆ ನಗು ಬಂತು. ನಕ್ಕ ಮೇಲೆ ಇಲ್ಲ ಎನ್ನಲಾಗಲಿಲ್ಲ.

ಮುಂದಿನ ಬೇಸಿಗೆಯ ಮೊದಲ ಮೋಡಕ್ಕೆ ಅವಳು ಗುಡಿಗೆ ಹೋದಳು. ಮೈಕಿನ ಮುಂದೆ ನಿಂತರೆ ಹಲ್ಲು ಕಟಕಟ ಎನ್ನುವ ಸದ್ದೇ ಮೊದಲು ಊರಿಗೆಲ್ಲ ಕೇಳಿಸಿತು. "ಮೋಡ ಆಗೈತೆ... ಮರದ ಕೆಳಗೆ ನಿಲ್ಲಬ್ಯಾಡ್ರಿ... ಮನೆ ಹತ್ರ ಇರೋರು ಮನೆ ಸೇರಿರಿ... ದೂರ ಇರೋರು ತಗ್ಗಿನಾಗೆ ದೂರ ದೂರ ಕುಕ್ಕರಗಾಲಲ್ಲಿ ಕುಂತ್ಕಳ್ರಿ..." ಅಷ್ಟರಲ್ಲಿ ಕರೆಂಟು ಹೋಯಿತು, ಗಾಳಿ ಬೀಸಿದರೆ ನಮ್ಮಲ್ಲಿ ಮೊದಲು ಹೋಗುವುದೇ ಅದು. ಮೈಕು ಸತ್ತಿತು. ಕೆಂಚಕ್ಕ ಗುಡಿಯ ಕಂಬ ತಬ್ಬಿಕೊಂಡು ಅಳುತ್ತ ಕೂತಳು. ಮಾರನೆಯ ದಿನ ಬೊಮ್ಮಲಿಂಗಪ್ಪ ಯಾರಿಗೂ ಹೇಳದೆ ಟ್ರ್ಯಾಕ್ಟರಿನ ಬ್ಯಾಟರಿಯೊಂದನ್ನು ಹೆಗಲ ಮೇಲೆ ಹೊತ್ತು ತಂದು ಮೈಕಿಗೆ ಜೋಡಿಸಿಕೊಟ್ಟ.

ಹುಡುಗರು ಅವಳಿಗೆ ಸಿಡ್ಲಕ್ಕ ಎಂದು ಹೆಸರಿಟ್ಟರು. ಅವಳು ನಡುಗುವ ದನಿಯನ್ನು ಅಣಕಿಸಿದರು. ಕೆಲವು ಸಲ ಅವಳು ಕೂಗಿದ್ದೂ ಆಯಿತು, ಮೋಡ ಚದುರಿ ಬಿಸಿಲು ಬಂದದ್ದೂ ಆಯಿತು. ಇನ್ನೊಂದು ಊರಿನಲ್ಲಿ ಹೊಲದಲ್ಲಿದ್ದ ಗಂಡ ಹೆಂಡತಿ ಇಬ್ಬರೂ ಸಿಡಿಲಿಗೆ ಹೋದರೆಂಬ ಸುದ್ದಿ ಬಂದ ದಿನ ಯಾರೂ ಅಣಕಿಸಲಿಲ್ಲ. ಅಂದು ಕೆಂಚಕ್ಕ ಊಟ ಮಾಡಲಿಲ್ಲ. "ಅವರ ಊರಾಗೆ ಕೂಗೋರು ಇರಲಿಲ್ವಲ್ಲೇ," ಎಂದು ಮಗಳ ಹತ್ತಿರ ಮತ್ತೆ ಮತ್ತೆ ಹೇಳಿದಳು. ರಶ್ಮಿತಾ ತನ್ನ ಕಾಲೇಜಿಗೆ ಬರುವ ಊರೂರ ಹುಡುಗಿಯರನ್ನು ಕೂರಿಸಿಕೊಂಡು ಮಾತಾಡಿದಳು. ಎರಡು ಊರಿನ ಗುಡಿಗಳಲ್ಲಿ ಮೈಕು ಮಾತಾಡಲು ಶುರುವಾಯಿತು. ಉಳಿದ ಊರುಗಳಲ್ಲಿ ಆಗಲಿಲ್ಲ. ಅವಳು ರಾತ್ರಿ ಫೋನು ನೋಡುವುದನ್ನು ಪೂರ್ತಿ ಬಿಟ್ಟಿಲ್ಲ, ಕಡಿಮೆ ಮಾಡಿದ್ದಾಳೆ. ಈಗ ಮುಂದಕ್ಕೆ ಓದುತ್ತೇನೆ ಎನ್ನುತ್ತಿದ್ದಾಳೆ, ಗಾಳಿ ಮಳೆಯ ವಿಷಯವನ್ನೇ.

ಕಳೆದ ಮೇ ತಿಂಗಳ ಒಂದು ಸಂಜೆ ಕಾವಲಿನ ಮೇಲೆ ಮೋಡ ಬಂದದ್ದನ್ನು ನಾನೂ ನೋಡಿದೆ. ಕೆಂಚಕ್ಕ ಮೈಕಿನಲ್ಲಿ ಕೂಗಿದಳು. ಆ ಹೊತ್ತಿಗೆ ಕಾಮಣ್ಣ ಮತ್ತೆ ಕುರಿ ಕಟ್ಟಿದ್ದ, ಅವನೂ ಕಾವಲಿನಲ್ಲೇ ಇದ್ದ. ಬಯಲು ಒಂದೇ ಸಮನೆ ಬೆಳಗಿ ಆರುತ್ತಿತ್ತು. ಅವಳು ಹೇಳಿದ್ದನ್ನೇ ಹೇಳಿದಳು, ಕೊನೆಗೆ ಪದಗಳು ಮುಗಿದು, "ಕಾಮಣ್ಣಾ, ಮರ ಬಿಡಪ್ಪಾ, ಕಾಮಣ್ಣಾ," ಎಂದು ಹೆಸರು ಹಿಡಿದು ಕೂಗುತ್ತಿದ್ದಳು. ಮಳೆ ನಿಂತ ಮೇಲೆ ಕಾವಲಿನ ದಾರಿಯಲ್ಲಿ ಮೊದಲು ಕುರಿಗಳು ಕಂಡವು. ಅವುಗಳ ಹಿಂದೆ ತೊಯ್ದು ತೊಪ್ಪೆಯಾದ ಕಾಮಣ್ಣ. ಅವನು ಕುರಿಗಳನ್ನು ದೊಡ್ಡಿಗೆ ಬಿಟ್ಟು ನೇರ ಅತ್ತಿಗೆಯ ಮನೆ ಬಾಗಿಲಿಗೆ ಬಂದು ನಿಂತ.

"ಕೇಳಿಸ್ತಾ?" ಎಂದಳು ಕೆಂಚಕ್ಕ.

"ಕೇಳಿಸ್ತು ಅತ್ತಿಗೆ." ಅವನು ಅವಳ ಮುಖ ನೋಡಿಯೇ ಹೇಳಿದ. "ಕುರಿ ಬಿಟ್ಟು ತಗ್ಗಿನಾಗೆ ಕುಂತಿದ್ದೆ. ಸಿಕ್ಕಾಪಟ್ಟೆ ಹೆದ್ರಿಕೆ ಆಯ್ತು."

"ನನಗೂ ಕಣಪ್ಪಾ."

ಅವಳು ಒಳಗೆ ಹೋಗಿ ಚಹಾ ಕಾಯಿಸಿ ತಂದಳು. ಅರ್ಧ ಚಹಾ ಲೋಟದಡಿಯ ಬಸಿಗೆ ಚೆಲ್ಲಿತ್ತು. ಕಾಮಣ್ಣ ಬಸಿಯಲ್ಲಿದ್ದದ್ದನ್ನು ಮೊದಲು ಕುಡಿದು, ಆಮೇಲೆ ಲೋಟ ಎತ್ತಿಕೊಂಡ.